ರೆಕ್ಕೆಯ ಕೆಳಗಿನ ಕಿಟಕಿ

ಗರಿಗರಿ ಒಣ ರೊಟ್ಟಿಗಳನ್ನು ಸರಸ ಮಲಗಿಸದೆ ನಿಲ್ಲಿಸಿ ಇಡುತ್ತಿದ್ದಳು. ಮಲಗಿಸಿದರೆ ಮುಂಬೈ ಮುಟ್ಟುವಾಗ ಡಬ್ಬದಲ್ಲಿ ಪುಡಿ ಮಾತ್ರ ಉಳಿಯುತ್ತದೆ. ಎರಡು ರೊಟ್ಟಿಯ ನಡುವೆ ಹಳೆ ಪೇಪರಿನ ಹಾಳೆ, ಡಬ್ಬದ ಬದಿಗೆ ಗಂಡ ನಿತ್ಯಾನಂದನ ಸವೆದ ಬನಿಯನಿನ ತುಂಡು. ಅವನು ಮಸ್ಕತ್ತಿನಲ್ಲಿದ್ದ ಅಷ್ಟೂ ವರ್ಷ ಕಟ್ಟಿ ಕಟ್ಟಿ ಕೈಗೆ ಹತ್ತಿದ ಕೆಲಸ ಅದು. ಈ ಸಲ ಒಂದೇ ಒಂದು ವ್ಯತ್ಯಾಸವಿತ್ತು: ನಾಳೆ ಬೆಳಿಗ್ಗೆ ಡಬ್ಬದ ಜೊತೆಗೆ ಅವಳೂ ಹೋಗುವವಳಿದ್ದಳು. ಮುಂಬೈಯಲ್ಲಿ ಕಿರಿಯ ನಾದಿನಿಯ ಮಗ ಭವಿತ್‌ನ ಮದುವೆ. ಒಳಕೋಣೆಯ ಮಂಚದ ಮೇಲೆ ಅವಳ ಚೀಲ ಆಗಲೇ ಸಿದ್ಧವಾಗಿ ಕೂತಿತ್ತು. ಹೋಗುತ್ತ ಬರುತ್ತ ಅವಳು ಅದರ ಜಿಪ್ಪನ್ನು ತೆಗೆದು, ಒಳಗೆ ಸೇರಿಸಲು ಏನೂ ಇಲ್ಲದೆ, ಮತ್ತೆ ಎಳೆದು ಮುಚ್ಚುತ್ತಿದ್ದಳು.

ಮಾಡಿನ ಮೇಲೆ ಸದ್ದು ಬಂತು. ರೊಟ್ಟಿ ಹಿಡಿದ ಕೈ ಹಾಗೆಯೇ ನಿಂತಿತು. ಬಟ್ಟೆಯನ್ನು ಉದ್ದಕ್ಕೆ ಹರಿದ ಹಾಗಿನ ಸದ್ದು, ಕೊನೆಯಲ್ಲಿ ಸಣ್ಣಗೆ ಕೊಯ್ದಂತೆ; ಏರ್‌ಬಸ್. ಬೋಯಿಂಗ್ ಆದರೆ ಇನ್ನೂ ಸ್ವಲ್ಪ ಒರಟು. ಎಟಿಆರ್ ಎಂಬ ಪಂಖದ ಸಣ್ಣ ವಿಮಾನವಾದರೆ ಅಕ್ಕಿ ಗಿರಣಿಯ ಹಾಗೆ ಗುರುಗುಟ್ಟುತ್ತ ಬರುತ್ತದೆ, ಹೋಗುವುದೂ ನಿಧಾನ. ಸಿದ್ಧಕಟ್ಟೆಯ ಈ ಮನೆ ಇರುವುದೇ ವಿಮಾನಗಳ ದಾರಿಯ ಕೆಳಗೆ. ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಬೀಸುವಾಗ ಬಜ್ಪೆಯ ನಿಲ್ದಾಣದಲ್ಲಿ ಎದ್ದವು ಇವರ ಮಾಡಿನ ಮೇಲೆಯೇ ಏರುತ್ತವೆ. ಮಧ್ಯಾಹ್ನ ತಿರುಗಿ ಕಡಲಿನ ಗಾಳಿ ಎದ್ದಿತೆಂದರೆ ಇಳಿಯುವವು ಇವರ ಮೇಲೆಯೇ ಇಳಿಯುತ್ತವೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು. ಹೋಗುವವರು ಬೆಳಿಗ್ಗೆ, ಬರುವವರು ಮಧ್ಯಾಹ್ನದ ಮೇಲೆ. ಗಂಡ ಹೋದದ್ದೂ ಬಂದದ್ದೂ ಹಾಗೆಯೇ ಎಂದು ನಂಬಿದ್ದಳು, ಅವನ ವಿಮಾನಗಳು ಹೆಚ್ಚಾಗಿ ನಡುರಾತ್ರಿಯವು ಎಂದು ತಿಳಿಯುವ ತನಕ. ತಿಳಿದ ಮೇಲೂ ನೋಡುವುದನ್ನು ಬಿಡಲಿಲ್ಲ. ವರ್ಷಕ್ಕೆ ಎರಡು ಸಲ, ಸುಗ್ಗಿಯ ಹೊತ್ತಿಗೊಮ್ಮೆ, ಮಳೆ ಹಿಂದೆ ಸರಿದ ಮೇಲೊಮ್ಮೆ, ವೇಳಾಪಟ್ಟಿ ಬದಲಾಗುತ್ತದೆ. ಹಗಲಿನ ಹೈದರಾಬಾದು ಸಂಜೆಗೆ ಹೋಗುತ್ತದೆ, ಚೆನ್ನೈಯದ್ದು ನಿಂತೇ ಹೋಗುತ್ತದೆ, ದೊಡ್ಡದರ ಜಾಗಕ್ಕೆ ಸಣ್ಣದು ಬರುತ್ತದೆ. ಅವಳಿಗೆ ಅವು ಎರಡು ಹೊಸ ವರ್ಷ. ಆ ದಿನಗಳಲ್ಲಿ ಮನೆಯ ಕೆಲಸವೂ ತಾನಾಗಿ ಸ್ವಲ್ಪ ಆಚೀಚೆ ಸರಿಯುತ್ತಿತ್ತು. ಅನ್ನ ಬೇಗ ಬೇಯುತ್ತಿತ್ತು, ಬಟ್ಟೆ ತಡವಾಗಿ ಒಣಗುತ್ತಿತ್ತು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಬಜ್ಪೆಯಲ್ಲಿ ಇಳಿಯುವಾಗ ವಿಮಾನವೊಂದು ಕಣಿವೆಗೆ ಉರುಳಿ ಉರಿದುಹೋದ ಆ ಒಂದು ಮೇ ತಿಂಗಳ ಬೆಳಿಗ್ಗೆಯ ನಂತರ ಬಹಳ ಕಾಲ, ಇಳಿಯುವ ಸದ್ದು ಗುಡ್ಡದ ಆಚೆ ಮೆತ್ತಗೆ ಕರಗಿ ಮುಗಿಯುವ ತನಕ ಅವಳು ಉಸಿರು ಹಿಡಿದು ನಿಲ್ಲುತ್ತಿದ್ದಳು, ಒಳಗಿರುವವರು ಯಾರೆಂದು ಗೊತ್ತಿಲ್ಲದಿದ್ದರೂ.

ನಿತ್ಯಾನಂದ ಕೆಲಸ ಬಿಟ್ಟು ಊರಿಗೇ ಬಂದ ದಿನ ಮಾತ್ರ ಅವನ ವಿಮಾನ ಹಗಲಿನದ್ದಾಗಿತ್ತು. ಅವಳು ಅಂಗಳದಲ್ಲಿ ಚೆಂಬು ನೀರು ಹಿಡಿದು ನಿಲ್ಲಬೇಕಾದವಳು ತಾರಸಿ ಹತ್ತಿ ನಿಂತಿದ್ದಳು. ಬೋಯಿಂಗ್. ಚಕ್ರ ಬಿಟ್ಟಿತ್ತು. ಹೊಟ್ಟೆಯ ಬಿಳಿ ಬಿಸಿಲಿಗೆ ಹೊಳೆದದ್ದು ಕಂಡು ಎದೆಯಲ್ಲಿ ಎದ್ದ ಖುಷಿ ಎಷ್ಟಿತ್ತೆಂದರೆ ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕಿದ್ದಳು. ಆಮೇಲೆ ಕಾರು ಬಂತು, ಹಗ್ಗ ಬಿಗಿದ ಪೆಟ್ಟಿಗೆಗಳು ಇಳಿದವು, ಅವುಗಳ ಹಿಂದೆಯೇ ಸ್ವಲ್ಪ ದಪ್ಪಗಾದ, ಗಲ್ಲದಲ್ಲಿ ಬಿಳಿ ಕುರುಚಲು ಬಂದ ಗಂಡಸೊಬ್ಬ ಇಳಿದ, ಮತ್ತು ಖುಷಿ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಹುಡುಕಿದಳು. ಚೆಂಬು ಕೊಡುವಾಗ, ಊಟ ಬಡಿಸುವಾಗ, ಹಾಸಿಗೆ ಹಾಸುವಾಗಲೂ ಹುಡುಕಿದಳು. ಅದು ವಿಮಾನದೊಂದಿಗೇ ಇಳಿದು ಅಲ್ಲಿಯೇ ನಿಂತುಬಿಟ್ಟಿತ್ತು. ಈ ಒಂದು ಸಂಗತಿಯನ್ನು ಅವಳು ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಅದಕ್ಕೆ ಹೆಸರು ಬರುತ್ತಿತ್ತು, ಹೆಸರು ಒಳ್ಳೆಯದಿರುತ್ತಿರಲಿಲ್ಲ. ಮೊದಮೊದಲು ಅವನು ತಮಾಷೆ ಮಾಡಿದ. "ನಾನು ಇಲ್ಲಿಯೇ ಇದ್ದೇನಲ್ಲ ಮಾರಾಯ್ತಿ, ಇನ್ನು ಯಾರ ವಿಮಾನ ನೋಡುದು ನೀನು?" ಆಮೇಲೆ ಅದನ್ನೇ ನೆಂಟರ ಮುಂದೆ ಆಟವಾಗಿ ಮಾಡಿದ. ಯಾರಾದರೂ ಬಂದು ಚಾವಡಿಯಲ್ಲಿ ಕೂತಾಗ ಮೇಲೆ ಸದ್ದಾಯಿತೆಂದರೆ ಒಳಗಿನಿಂದ ಅವಳನ್ನು ಕರೆಯುವುದು. "ಸರಸ, ಇದು ಯಾವುದು ಹೇಳು." ಅವಳು ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತು ಹೇಳುವುದು. ಬಂದವರು ಓಹೋ ಎಂದು ನಗುವುದು. ಮಗುವಿನ ಕೈಯಲ್ಲಿ ಪದ್ಯ ಹೇಳಿಸಿದ ಹಾಗೆ. ಹೇಳಿ ಒಳಗೆ ಹೋಗುವಾಗ ಬೆನ್ನಿನ ಮೇಲೆ ಏನೋ ಅಂಟಿದಂತಾಗಿ ಅವಳು ರವಿಕೆಯನ್ನು ಕೆಳಗೆ ಜಗ್ಗಿಕೊಳ್ಳುತ್ತಿದ್ದಳು.

ಹೊರಗೆ ಕಾರು ನಿಂತಿತು. ಮೂಡಬಿದ್ರೆಯಿಂದ ಜಲಜಕ್ಕ ಬಂದರು, ನಿತ್ಯಾನಂದನ ಅಕ್ಕ. ಅವರ ಹಿಂದೆ ಮಗ ಉಜ್ವಲ್, ಅವನ ಹೆಂಡತಿ ಹರ್ಷಿತಾ. ಹರ್ಷಿತಾ ಬೆಳ್ತಂಗಡಿ ಲಾಯಿಲದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ; ಈ ಮನೆಯಲ್ಲಿ ಯಾವ ಮಾತು ಆಡಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ರಾತ್ರಿ ಇಲ್ಲಿಯೇ ಉಳಿದು ಬೆಳಿಗ್ಗೆ ಒಟ್ಟಿಗೆ ಹೊರಡುವುದೆಂದು ಮಾತಾಗಿತ್ತು.

"ಮಾಮೀ, ಉಪ್ಪಿನಕಾಯಿ ಎಲ್ಲಿ ಇಟ್ರಿ? ಕೈಚೀಲದಲ್ಲಿ ಬಿಡುದಿಲ್ಲ ಮತ್ತೆ!" ಉಜ್ವಲ್ ಅಡುಗೆಮನೆಗೇ ಬಂದ.

"ನನಗೆ ಹೇಳಿಕೊಡ್ತೀಯಾ ನೀನು? ದೊಡ್ಡ ಪೆಟ್ಟಿಗೆಯಲ್ಲಿ ಉಂಟು. ಮೂರು ಸಲ ಪ್ಲಾಸ್ಟಿಕ್ ಸುತ್ತಿದ್ದೇನೆ."

"ಹರ್ಷಿತಾ, ಇವರೇ ನೋಡು ನಮ್ಮ ಏರ್‌ಪೋರ್ಟ್ ಮ್ಯಾನೇಜರ್. ಎಲ್ಲಿಗೆ ಹೋಗುದಾದ್ರೂ ಇವರನ್ನು ಕೇಳಿಯೇ ಟಿಕೆಟ್." ಅವನು ನೆಲದಲ್ಲಿಯೇ ಕೂತು ಮೊಬೈಲು ತೆಗೆದ. "ಸೀಟು ಹಾಕುವ ಈಗ. ಮಾಮಿ, ಯಾವ ಕಡೆ ಕಿಟಕಿ?"

"ಎಡಗಡೆ. ಉದ್ದಕ್ಕೂ ಕಡಲು ಕಾಣ್ತದೆ. ಬಲಗಡೆ ಕೂತರೆ ಬರೀ ಗುಡ್ಡ, ಮತ್ತೆ ಬಿಸಿಲು. ರೆಕ್ಕೆಯ ಮುಂದೆ ಹಾಕು, ರೆಕ್ಕೆಯ ಮೇಲೆ ಬಂದರೆ ಅರ್ಧ ಕಡಲು ಅದೇ ತಿನ್ನುತ್ತದೆ."

"ನೀವು ಯಾವುದರಲ್ಲಿ ಕೂತದ್ದು ಮಾಮಿ? ಏರ್‌ಬಸ್ಸಿನಲ್ಲಾ?" ಹರ್ಷಿತಾ ಕೇಳಿದಳು.

"ಯಾವುದರಲ್ಲೂ ಇಲ್ಲ." ರೊಟ್ಟಿಯ ತುದಿಯಿಂದ ಮುರಿದ ಚೂರೊಂದನ್ನು ಸರಸ ಬಾಯಿಗೆ ಹಾಕಿಕೊಂಡಳು. "ನಾಳೆ ಮೊದಲು."

ಉಜ್ವಲನ ಬೆರಳು ಪರದೆಯ ಮೇಲೆ ಒಂದು ಗಳಿಗೆ ನಿಂತು ಮತ್ತೆ ಓಡಿತು. ಅವನು ಒಂದೊಂದೇ ಹೆಸರು ಹೇಳುತ್ತ ಸೀಟು ಹಾಕಿದ. ಮಾಮ. ಅಮ್ಮ. ನಾನು. ಹರ್ಷಿತಾ. ಕೊನೆಗೆ ಒತ್ತಿ, ಮೊಬೈಲನ್ನು ತೊಡೆಯ ಮೇಲೆ ಮಗುಚಿ ಇಟ್ಟ. ಸರಸ ಕಾದಳು. ಕೈ ಡಬ್ಬದ ಮುಚ್ಚಳ ಹುಡುಕಿತು, ಮುಚ್ಚಳ ಸಿಕ್ಕಿತು, ಕೂರಲಿಲ್ಲ.

"ಮಾಮಿಯದ್ದು ಹಾಕಲಿಲ್ಲವಲ್ಲ ನೀವು," ಎಂದಳು ಹರ್ಷಿತಾ.

ಚಾವಡಿಯಲ್ಲಿ ನಿತ್ಯಾನಂದ ಕೆಮ್ಮಿದ್ದು ಕೇಳಿಸಿತು. ಅವನು ಎದ್ದು ಬಂದು ಬಾಗಿಲಿನ ಪಟ್ಟಿ ಹಿಡಿದು ನಿಂತ. ಅವಳು ವಿಮಾನದ ಹೆಸರು ಹೇಳಲು ನಿಲ್ಲುವ ಹಾಗೆಯೇ. "ಹೇಳಬೇಕು ಅಂತ ಇದ್ದೆ ಸರಸ. ಮದುವೆಯ ದಿನವೇ ಜಾರ್ದೆ ತಿಂಗಳ ಸಂಕ್ರಮಣ ಬಿದ್ದಿದೆ. ಮನೆಯ ದೈವಕ್ಕೆ ದೀಪ ಇಡ್ಲಿಕ್ಕೆ ಜನ ಬೇಕಲ್ಲ. ಮೊದಲು ದೀಪ ಇಡ್ತಿದ್ದ ಕೆಳಗಿನ ಮನೆಯವನೂ ಮದುವೆಗೆ ಹೋಗ್ತಾನೆ. ಅಕ್ಕನೂ ಅದನ್ನೇ ಹೇಳಿದಳು. ಹಾಗೆ ನಿನ್ನದು ಒಂದು ಟಿಕೆಟು... ತೆಗೆಯಲಿಲ್ಲ." ತೆಗೆಯಲಿಲ್ಲ ಎಂಬ ಮಾತನ್ನು ಅವನು ಪೇಟೆಯಲ್ಲಿ ಸೊಪ್ಪು ತೆಗೆಯಲಿಲ್ಲ ಎಂಬಷ್ಟು ಹಗುರವಾಗಿ ಹೇಳಿದ. "ಇನ್ನೊಮ್ಮೆ ಹೋಗುವ. ಮುಂಬೈ ಎಲ್ಲಿಗೂ ಓಡಿಹೋಗುದಿಲ್ಲ."

ಇನ್ನೊಮ್ಮೆ. ಮಸ್ಕತ್ತಿನಿಂದ ಬರುತ್ತಿದ್ದ ಫೋನಿನಲ್ಲಿ ಈ ಪದ ಎಷ್ಟು ಸಲ ಬಂದಿತ್ತು. ಮುಂದಿನ ವರ್ಷ ಫ್ಯಾಮಿಲಿ ವೀಸಾ, ಮುಂದಿನ ವರ್ಷ ದೊಡ್ಡ ರೂಮು, ಇನ್ನೊಮ್ಮೆ ನೋಡುವ. ಆಗ ಅವಳು ಹಲ್ಲು ಕಚ್ಚಿ ಹಿಡಿದುಕೊಂಡದ್ದನ್ನು ಸಹನೆ ಎಂದು ಎಲ್ಲರೂ ಹೊಗಳಿದ್ದರು, ಅವಳೂ ಹಾಗೆಯೇ ಅಂದುಕೊಂಡಿದ್ದಳು. ಈಗ ಅಳು ಬರಲಿಲ್ಲ. ಬದಲಿಗೆ ಕಿವಿ ಬಿಸಿಯಾಯಿತು: ಎಡಗಡೆ ಎಂದು ಹೇಳಿಕೊಟ್ಟವಳು ತಾನು, ರೆಕ್ಕೆಯ ಮುಂದೆ ಎಂದು ಹೇಳಿಕೊಟ್ಟವಳು ತಾನು, ನಾಳೆ ಮೊದಲು ಎಂದು ನಿನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಯ ಮುಂದೆ ಹಲ್ಲು ತೋರಿಸಿದವಳೂ ತಾನೇ. ಮತ್ತು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದ ಉಜ್ವಲನಿಗೆ ಗೊತ್ತಿತ್ತು, ಚಾವಡಿಯಲ್ಲಿದ್ದ ಇಬ್ಬರಿಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಕಟ್ಟಿಸಿಕೊಂಡರು.

ಮೇಲೆ ಮತ್ತೊಂದು ಸದ್ದು ಹತ್ತಿರವಾಯಿತು. ಸಂಕಟದಲ್ಲಿ ನಿಂತಿದ್ದ ನಿತ್ಯಾನಂದನ ಮುಖ ಒಮ್ಮೆಲೇ ಅರಳಿತು, ಮುಳುಗುವಾಗ ಹಗ್ಗ ಸಿಕ್ಕಿದವನ ಹಾಗೆ. "ಹರ್ಷಿತಾ, ಕೇಳು ಈಗ. ಸರಸ, ಇದು ಯಾವುದು ಹೇಳು ಇವಳಿಗೆ."

ಏರ್‌ಬಸ್. ಸಂಶಯವೇ ಇರಲಿಲ್ಲ. ಸರಸ ತಲೆ ಎತ್ತದೆ, "ಬೋಯಿಂಗ್," ಎಂದಳು.

"ನೋಡಿದ್ಯಾ! ತಲೆ ಎತ್ತಿಯೂ ನೋಡಲಿಲ್ಲ," ಎಂದು ಅವನು ಹೆಮ್ಮೆಯಿಂದ ನಕ್ಕ. ಉಜ್ವಲ್ ಚಪ್ಪಾಳೆ ತಟ್ಟಿದ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹಾಗೆಯೇ ಇರಲಿಲ್ಲ. ಇಷ್ಟು ವರ್ಷ ಅವಳು ಬಾಗಿಲಲ್ಲಿ ನಿಂತು ಒಂದೊಂದನ್ನೂ ಸರಿಯಾಗಿ ಹೇಳಿದ್ದು ಇವರಿಗಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಬಾಯಿಗೆ ಬಂದದ್ದು ಹೇಳಿದ್ದರೂ ಇದೇ ಚಪ್ಪಾಳೆ. ಸುಳ್ಳು ಹೇಳಿದ ನಾಲಿಗೆ ಹುಣಸೆಹುಳಿ ತಿಂದ ಹಾಗೆ ಚುರುಗುಟ್ಟಿತು, ಆ ರುಚಿಯನ್ನು ಅವಳು ನುಂಗದೆ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಳು.

ಗಂಡಸರು ಪೆಟ್ಟಿಗೆ ತೂಗಲು ಹೊರಗೆ ಹೋದರು. ಜಲಜಕ್ಕ ಮಣೆ ಎಳೆದು ಕೂತು, ಬಸಳೆಯ ದಂಟು ಮುರಿಯತೊಡಗಿದರು. ಹರ್ಷಿತಾ ತೆಂಗಿನಕಾಯಿ ತುರಿಯುತ್ತಿದ್ದಳು. "ಬೇಜಾರು ಮಾಡ್ಬೇಡ ಸರಸ," ಎಂದರು ಜಲಜಕ್ಕ. "ದೀಪ ಅಂದರೆ ಸುಮ್ಮನೆ ಅಲ್ಲ. ಎಲ್ಲರ ಕೈಗೆ ಬರುದಿಲ್ಲ ಆ ಭಾಗ್ಯ. ಮೊದಲಾದರೆ ತಿಂಗಳಿಗೊಮ್ಮೆ ನಿನಗೂ ತೊಂದರೆ ಇರ್ತಿತ್ತು. ಈಗ ಅದೂ ಇಲ್ಲ."

ಹೌದು, ಈಗ ಅದೂ ಇಲ್ಲ. ಮುಟ್ಟು ನಿಂತ ವರ್ಷ ಸರಸಳಿಗೆ ಬೆವರಿ ಬೆವರಿ ನಿದ್ದೆ ಬಾರದಿದ್ದಾಗ ಮನೆಯವರಿಗೆ ಅದರಿಂದ ಆದ ಅನುಕೂಲ ಇದೊಂದೇ: ಇನ್ನು ಸಂಕ್ರಮಣಕ್ಕೆ ಬೇರೆಯವರನ್ನು ಕರೆಯಬೇಕಾಗಿಲ್ಲ. ಅಂದಿನಿಂದ ದೈವದ ಕೋಣೆ ಅವಳ ಪಾಲಿಗೆ ಬಂತು. ನೆಲ ಒರೆಸುವುದು, ಕತ್ತಿ ಗಂಟೆಗಳ ಮುಂದೆ ಚೆಂಬಿನಲ್ಲಿ ನೀರಿಡುವುದು, ಬತ್ತಿ ಹೊಸೆಯುವುದು. ಭಕ್ತಿ ಇರಲಿಲ್ಲವೆಂದಲ್ಲ. ಹೆದರಿಕೆಯೂ ಇತ್ತು, ಒಮ್ಮೆ ದೀಪ ಗಾಳಿಗೆ ಆರಿದ್ದಕ್ಕೆ ಅವಳು ಮೂರು ದಿನ ಊಟ ಸೇರದೆ ಒದ್ದಾಡಿದ್ದಳು. ಆದರೆ ವರ್ಷಕ್ಕೊಮ್ಮೆ ನೇಮದ ದಿನ ದೈವ ಕಟ್ಟಿದವನ ಮೈಮೇಲೆ ಬಂದು ಕುಟುಂಬದವರನ್ನು ಕರೆದು ಗಂಧ ಕೊಡುವಾಗ ಜಲಜಕ್ಕನನ್ನು ಕರೆಯುತ್ತದೆ, ನಿತ್ಯಾನಂದನನ್ನು ಕರೆಯುತ್ತದೆ, ಮುಂಬೈಯಿಂದ ಬಂದ ಕಿರಿಯ ನಾದಿನಿಯನ್ನು, ಅವಳ ಮಕ್ಕಳನ್ನು ಕರೆಯುತ್ತದೆ. ಸರಸ ಇತರ ಹೆಂಡತಿಯರ ಜೊತೆ ಜಗಲಿಯ ತುದಿಯಲ್ಲಿ ನಿಂತು ನೋಡುವುದು. ಇವರಲ್ಲಿ ಕುಟುಂಬ ನಡೆಯುವುದು ತಾಯಿಯಿಂದ. ಮದುವೆಯಾಗಿ ಬಂದವಳಿಗೆ ಮನೆ ಸಿಗುತ್ತದೆ, ದೈವ ಸಿಗುವುದಿಲ್ಲ. ಅವಳ ದೈವ ಮಿಜಾರಿನಲ್ಲಿ, ತಾಯಿಮನೆಯಲ್ಲಿ. ಅಲ್ಲಿ ಅದಕ್ಕೆ ಸಂಕ್ರಮಣದ ದೀಪ ಇಡುವವಳು ಅವಳ ಅಣ್ಣನ ಹೆಂಡತಿ. ಅಣ್ಣನ ಹೆಂಡತಿಯ ದೈವಕ್ಕೆ ಇನ್ಯಾರ ಹೆಂಡತಿಯೋ. ಒಂದೂರಿನಿಂದ ಇನ್ನೊಂದೂರಿಗೆ ಹೀಗೆ ಹೆಂಗಸರು ತಮ್ಮದಲ್ಲದ ದೀಪಗಳ ಮುಂದೆ ಕೂತಿದ್ದಾರೆ, ದೀಪದ ಯಜಮಾನಿಯರು ಮದುವೆಗೆ ಹೋಗಿದ್ದಾರೆ.

"ಅಕ್ಕ, ಒಂದು ಕೇಳ್ತೇನೆ," ಎಂದಳು. ಸ್ವರ ಏರಲಿಲ್ಲ. "ಈ ದೈವ ನನ್ನದಾ?"

ಜಲಜಕ್ಕನ ಕೈಯಲ್ಲಿ ದಂಟು ಮುರಿಯದೆ ಬಾಗಿತು. "ಇದೆಂಥ ಪ್ರಶ್ನೆ?"

"ಗೊತ್ತಿಲ್ಲದೆ ಕೇಳಿದ್ದು. ನಿಮ್ಮದಾ, ನನ್ನದಾ?"

"ಇಷ್ಟು ವರ್ಷ ದೀಪ ಇಟ್ಟವಳು ನೀನು. ಈಗ ಲೆಕ್ಕ ಮಾತಾಡ್ತೀಯಾ?"

"ಇಟ್ಟೆ. ನಿಮ್ಮ ಪರವಾಗಿ ಇಟ್ಟದ್ದು. ನೀವು ಮೂಡಬಿದ್ರೆಯಲ್ಲಿ ಇದ್ದೀರಿ, ಅರ್ಧ ಗಂಟೆಯ ದಾರಿ. ಒಮ್ಮೆಯೂ ಬರಲಿಲ್ಲ ಅಂತ ನಾನು ಹೇಳಿದ್ದುಂಟಾ?"

"ಭವಿತ್ ನನ್ನ ತಂಗಿಯ ಮಗ ಮಾರಾಯ್ತಿ! ನಾನು ಹೋಗದೆ ಆಗ್ತದಾ? ಕುಟುಂಬದ ಹಿರಿ ಹೆಂಗಸು ನಾನು."

"ಅದನ್ನೇ ನಾನೂ ಹೇಳುದು," ಎಂದಳು ಸರಸ. "ಕುಟುಂಬದ ಹಿರಿ ಹೆಂಗಸು ನೀವು."

ಹರ್ಷಿತಾ ತುರಿಯುವುದನ್ನು ನಿಲ್ಲಿಸಿದ್ದಳು. ಅವಳ ಕಣ್ಣು ಒಬ್ಬರಿಂದ ಒಬ್ಬರಿಗೆ ಹೋಗಿ ಬರುತ್ತಿತ್ತು. ಜಲಜಕ್ಕನಿಗೆ ಸಿಟ್ಟು ಬಂದಿತ್ತೋ, ನಾಚಿಕೆಯೋ, ಕುತ್ತಿಗೆ ಕೆಂಪಾಗಿತ್ತು. "ದೈವದ ವಿಷಯದಲ್ಲಿ ಬಾಯಿ ಹರಿಯಬಿಡ್ಬೇಡ ಸರಸ. ನಾಳೆ ಏನಾದರೂ ಆದರೆ ಯಾರ ತಲೆಗೆ?" ಎಂದು ದಂಟುಗಳನ್ನು ಒಟ್ಟು ಮಾಡಿ ಎದ್ದು ಹೊರಗೆ ಹೋದರು. ಹೊರಗೆ ತಮ್ಮನ ಹತ್ತಿರ ಏನೋ ಪಿಸುಗುಟ್ಟಿದ್ದು, ನಿತ್ಯಾನಂದ, "ಬಿಡು, ಸಂಜೆಗೆ ಸರಿಯಾಗ್ತಾಳೆ," ಎಂದದ್ದು ಕೇಳಿಸಿತು.

"ಮಾಮಿ," ಎಂದಳು ಹರ್ಷಿತಾ ಮೆಲ್ಲನೆ, "ನನ್ನ ಟಿಕೆಟು ನಿಮ್ಮ ಹೆಸರಿಗೆ ಮಾಡ್ಲಿಕ್ಕೆ ಆಗ್ತದಾ? ನನಗೇನೂ ಇಲ್ಲ. ಎರಡು ಸಲ ವಿಮಾನದಲ್ಲಿ ಹೋಗಿದ್ದೇನೆ."

ಸರಸ ಅವಳ ತುರಿಮಣೆಯ ಕೆಳಗೆ ಸರಿದಿದ್ದ ಬಟ್ಟಲನ್ನು ಎಳೆದು ಸರಿಮಾಡಿದಳು. "ಹಾಗೆಲ್ಲ ಹೆಸರು ಬದಲಾಯಿಸ್ಲಿಕ್ಕೆ ಬರುದಿಲ್ಲ ಮಗಳೇ. ಆದರೂ ಬೇಡ. ನೀನು ಹೋಗು. ಎಡಗಡೆ ಸೀಟು ಉಂಟು ತಾನೇ, ನಿದ್ದೆ ಮಾಡ್ಬೇಡ." ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಅವಳಿಗೆ ಕನಿಕರಕ್ಕಿಂತ ಸ್ವಲ್ಪ ಸಿಟ್ಟೇ ಬಂತು. ಬಿಟ್ಟುಕೊಡಲು ಇಷ್ಟು ಬೇಗ ಕಲಿತುಬಿಟ್ಟಿದ್ದಾಳೆ. ಇನ್ನು ಕೆಲವು ವರ್ಷ ಕಳೆದರೆ ಮೂಡಬಿದ್ರೆಯ ಮನೆಯಲ್ಲಿ ಇವಳ ಕೈಗೂ ಯಾರೋ ಒಂದು ಬತ್ತಿ ಕೊಡುತ್ತಾರೆ.

ಮಧ್ಯಾಹ್ನದ ಊಟಕ್ಕೆ ಅವಳು ಎಲ್ಲರಿಗೂ ಬಡಿಸಿದಳು. ಬಸಳೆಗೆ ಉಪ್ಪು ಸರಿಯಾಗಿಯೇ ಬಿದ್ದಿತ್ತು. ಗಂಡನಿಗೆ ಅದೇ ಸಮಾಧಾನವಾಗಿ ಕಂಡಿರಬೇಕು, ಎರಡು ಸಲ ಅನ್ನ ಹಾಕಿಸಿಕೊಂಡ. ಉಂಡು ಎಲ್ಲರೂ ಅಡ್ಡಾದ ಮೇಲೆ ಅವಳು ಬಟ್ಟೆ ತೆಗೆಯಲು ತಾರಸಿಗೆ ಹೋದಳು. ಗಾಳಿ ತಿರುಗಿತ್ತು. ಹಗ್ಗದ ಮೇಲಿನ ಅಂಗಿಗಳ ತೋಳುಗಳೆಲ್ಲ ಘಟ್ಟದ ಕಡೆಗೆ ಚಾಚಿದ್ದವು. ಮುಂಬೈಗೆ ಹೋಗಬೇಕೆಂದು ತನಗೆ ನಿಜವಾಗಿ ಇತ್ತೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಮದುವೆಯ ಸಭಾಭವನ, ತಣ್ಣಗಿನ ಊಟ, ನಾದಿನಿಯ ಫ್ಲ್ಯಾಟಿನಲ್ಲಿ ನೆಲದ ಮೇಲೆ ಸಾಲಾಗಿ ಮಲಗುವುದು, ಅಲ್ಲಿಯೂ ಅಡುಗೆಮನೆ. ಇಲ್ಲ. ಚೀಲದ ಜಿಪ್ಪು ತೆಗೆದು ಹಾಕುವಾಗ ಅವಳು ನೆನೆದದ್ದು ಮದುವೆಯನ್ನಲ್ಲ, ಅದರ ಮೊದಲಿನ ಮತ್ತು ನಂತರದ, ವಿಮಾನದೊಳಗಿನ ಎರಡು ಸಣ್ಣ ಹೊತ್ತನ್ನು ಮಾತ್ರ. ಅದನ್ನು ಪಡೆಯಲು ಯಾರ ಮಗನ ಮದುವೆಯೂ ಬೇಕಾಗಿರಲಿಲ್ಲ. ಇಷ್ಟು ಸುಲಭದ ಮಾತು ಇಷ್ಟು ವರ್ಷ ಯಾಕೆ ಬರಲಿಲ್ಲ? ಯಾರೋ ಕರೆದುಕೊಂಡು ಹೋಗುತ್ತಾರೆಂದು ಕಾದದ್ದೇ ಹೋಗುವುದಕ್ಕೆ ಅಡ್ಡ ನಿಂತಿತ್ತು.

ಪೂರ್ವದಲ್ಲಿ ಗುರುಗುಟ್ಟುವ ಸದ್ದು ಹುಟ್ಟಿತು. ನೋಡುವ ಮೊದಲೇ ಅವಳ ಮುಖ ಮೇಲೆದ್ದಿತ್ತು. ಎಟಿಆರ್, ಬೆಂಗಳೂರಿನಿಂದ ಬರುವ ಮಧ್ಯಾಹ್ನದ್ದು. ಹೊಸ ವೇಳಾಪಟ್ಟಿಯಲ್ಲಿ ಇದೇ ವಾರ ಸೇರಿದ್ದು. ಬೆಳಿಗ್ಗೆಯೂ ಒಂದು ಇಂಥದ್ದೇ ಬೆಂಗಳೂರಿಗೆ ಹೋಗುತ್ತದೆ. ದೊಡ್ಡವರು ಇದನ್ನು ಬಸ್ಸು ಎನ್ನುತ್ತಾರೆ, ಕುಲುಕುತ್ತದೆ ಎನ್ನುತ್ತಾರೆ, ನಿತ್ಯಾನಂದನಂತೂ ಇದಕ್ಕೆ ವಿಮಾನದ ಮರ್ಯಾದೆಯನ್ನೇ ಕೊಡುವುದಿಲ್ಲ. ಆದರೆ ದೊಡ್ಡ ವಿಮಾನಗಳಿಗೆ ರೆಕ್ಕೆ ಕಿಟಕಿಯ ಕೆಳಗೆ. ಇದಕ್ಕೆ ರೆಕ್ಕೆ ಮೇಲೆ, ಕಿಟಕಿಗಳೆಲ್ಲ ರೆಕ್ಕೆಯ ಕೆಳಗೆ. ಎಲ್ಲಿ ಕೂತರೂ ನೆಲ ಕಾಣುತ್ತದೆ. ಎತ್ತರಕ್ಕೂ ಹೋಗುವುದಿಲ್ಲ ಇದು, ಅವಸರವೂ ಇಲ್ಲ. ಇದರಲ್ಲಿ ಕೂತವರಿಗೆ ಸಿದ್ಧಕಟ್ಟೆಯ ಪೇಟೆ ಕಂಡೀತು, ಈ ಮಾಡು ಕಂಡೀತು, ಹಗ್ಗದ ಮೇಲಿನ ಬಿಳಿ ಅಂಗಿಗಳೂ ಕಂಡಾವು. ಮದುವೆಯಾಗಿ ಬಂದಂದಿನಿಂದ ಅವಳು ಕೆಳಗಿನಿಂದ ನೋಡಿದ್ದಾಳೆ. ಅಲ್ಲಿಂದ ಈ ತಾರಸಿಯನ್ನು, ಮೇಲೆ ನೋಡುತ್ತ ಯಾರೂ ನಿಂತಿಲ್ಲದ ತಾರಸಿಯನ್ನು, ಒಮ್ಮೆ ನೋಡಬೇಕು.

ಸಂಕ್ರಮಣದ ದಿನವೇ ಹೋಗುವುದು. ಬೇರೆ ದಿನವೂ ಆದೀತು, ಆದರೆ ಬೇರೆ ದಿನವಾದರೆ ಅದು ಕದ್ದು ಹೋದಂತಾಗುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಕೈಕಂಬ, ಅಲ್ಲಿಂದ ಬಜ್ಪೆಗೆ ರಿಕ್ಷಾ. ಹೆಂಗಸರ ಸಂಘಕ್ಕೆ ಹಪ್ಪಳ ಮಾಡಿಕೊಟ್ಟ ದುಡ್ಡು ಅವಳ ಹೆಸರಿನ ಖಾತೆಯಲ್ಲಿಯೇ ಉಂಟು. ಬೆಂಗಳೂರಿನಲ್ಲಿ ಯಾರನ್ನೂ ನೋಡುವುದಿಲ್ಲ. ನಿಲ್ದಾಣದ ಒಳಗೇ ಒಂದು ಚಹಾ ಕುಡಿದು, ಕುರ್ಚಿಯಲ್ಲಿ ಕೂತು, ಮಧ್ಯಾಹ್ನದ್ದರಲ್ಲಿ ತಿರುಗಿ ಬರುವುದು. ಇಳಿದು ಬಸ್ಸು ಹಿಡಿದು ಮನೆ ಮುಟ್ಟುವಾಗ ಮುಸ್ಸಂಜೆ ದಾಟಿರಬಹುದು. ದೈವದ ಕೋಣೆಯ ಕಡೆ ಮನಸ್ಸು ಹೋದಾಗ ಹಳೆಯ ಹೆದರಿಕೆ ಒಮ್ಮೆ ಮಗ್ಗುಲು ಬದಲಾಯಿಸಿತು. ಅವಳು ಅದನ್ನು ಓಡಿಸಲಿಲ್ಲ. ನಿನ್ನವರೆಲ್ಲ ಅವತ್ತು ಮುಂಬೈಯಲ್ಲಿರುತ್ತಾರೆ, ಎಂದಳು ದೈವಕ್ಕೆ ಮನಸ್ಸಿನಲ್ಲಿಯೇ, ಬಹುವಚನ ಇಲ್ಲದೆ, ಮನೆಯ ಹಿರಿಯನ ಹತ್ತಿರ ಹೇಳುವ ಹಾಗಲ್ಲದೆ ಒಂದೇ ಮನೆಯಲ್ಲಿ ಉಳಿದ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬರಿಗೆ ಹೇಳುವ ಹಾಗೆ. ನಾನು ಬರುವುದು ತಡವಾದೀತು. ಅಷ್ಟು ಹೊತ್ತು ಕತ್ತಲಲ್ಲಿ ಕೂತಿರು. ನಾನು ಕೂತಿಲ್ಲವಾ?

ವಿಮಾನ ತಲೆಯ ಮೇಲೆ ಬಂದು, ಪಂಖಗಳ ಎರಡು ಮಸುಕು ವೃತ್ತಗಳನ್ನು ತೋರಿಸಿ, ಬಜ್ಪೆಯ ಕಡೆ ಬಾಗಿತು.

"ಸರಸಾ," ಕೆಳಗಿನಿಂದ ನಿತ್ಯಾನಂದ ಕೂಗಿದ. ನಿದ್ದೆಯಿಂದ ಎದ್ದ ಸ್ವರ, ಬೆಳಗಿನ ಮಾತು ಮುಗಿದೇ ಹೋಯಿತೆಂಬ ಸ್ವರ. "ನನ್ನ ಬಿಳಿ ಅಂಗಿ ಒಣಗಿತಾ?"

ಅವಳು ಕ್ಲಿಪ್ಪು ತೆಗೆದು ಅಂಗಿಯ ಕಾಲರನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಒಣಗಿದೆ," ಎಂದಳು.